ಎಲುಬು, ಇಲಿ ಮತ್ತು ಒಂದು ಪಿಎಚ್.ಡಿ.

(ಕೋಪರಖೈರಣೆಯ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ಮುಂಬಯಿ ಕಡೆಯ ನಮ್ಮ ಸಂಘಗಳಲ್ಲಿ ದತ್ತಿ ಉಪನ್ಯಾಸ ಎಂದರೆ ವಚನ, ದಾಸಸಾಹಿತ್ಯ, ಯಕ್ಷಗಾನ, ಹೆಚ್ಚೆಂದರೆ ಕಾರಂತರ ಕಾದಂಬರಿ. ನಾನು ಸಂಖ್ಯಾಶಾಸ್ತ್ರದ ಬಗ್ಗೆ ಮಾತಾಡುತ್ತೇನೆ ಎಂದಾಗ ಕಾರ್ಯದರ್ಶಿಗಳು ಫೋನಿನಲ್ಲಿ ಸ್ವಲ್ಪ ತಡೆದು, “ಸರ್, ಬೋರ್ಡಿನ ಮೇಲೆ ಲೆಕ್ಕ ಬಿಡಿಸುವುದಿಲ್ಲ ತಾನೆ?” ಎಂದು ಕೇಳಿದರು. ಬಿಡಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಆದರೆ ವಿಷಯ ಬದಲಿಸಲಿಲ್ಲ. ಐರೋಲಿ, ಘಣ್ಸೋಲಿ, ಕೋಪರಖೈರಣೆಯ ಯಾವ ಸೊಸೈಟಿಗೆ ಹೋದರೂ ‘ಡೇಟಾ’ದಲ್ಲಿ ಕೆಲಸ ಮಾಡುವ ಒಬ್ಬ ಮಗನೋ ಸೊಸೆಯೋ ಸಿಗುತ್ತಾರೆ. ಒಂದೆರಡು ಮನೆಗಳಲ್ಲಿ ಪಿಎಚ್.ಡಿ. ಮಾಡುತ್ತಿರುವ ಮಗಳೂ ಇದ್ದಾಳೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಏನು ಮಾಡುತ್ತಿದ್ದಾಳೆ ಎಂಬುದು ಅಪ್ಪ ಅಮ್ಮನಿಗೇ ಗೊತ್ತಿಲ್ಲ. ಕೇಳಿದರೆ ಅವಳಿಗೂ ಹೇಳಲು ಬರುವುದಿಲ್ಲ. ಅಂಥ ಮನೆಗಳವರಿಗಾಗಿ ಇವತ್ತು ಸಂಖ್ಯಾಶಾಸ್ತ್ರದ ಒಬ್ಬ ಸಂಶೋಧನ ವಿದ್ಯಾರ್ಥಿಯ ಕಥೆ ಹೇಳುತ್ತೇನೆ. ಹೂವಿನ ಹಡಗಲಿಯಲ್ಲಿ ಹುಟ್ಟಿ, 1946ರಲ್ಲಿ ಹಡಗು ಹತ್ತಿ ಕೇಂಬ್ರಿಜ್‌ಗೆ ಹೋಗಿ, 1948ರಲ್ಲಿ ಪದವಿ ಪಡೆದು ಮರಳಿದ ಸಿ.ಆರ್. ರಾವ್ ಅವರೇ ಆ ವಿದ್ಯಾರ್ಥಿ.

ಹೂವಿನ ಹಡಗಲಿ ಎಂದ ಕೂಡಲೇ ಬಳ್ಳಾರಿ ಕಡೆಯವರ ಬೆನ್ನು ನೆಟ್ಟಗಾದದ್ದು ಇಲ್ಲಿಂದಲೇ ಕಾಣುತ್ತಿದೆ. ಸ್ವಲ್ಪ ತಾಳಿ. ಕಲ್ಯಾಂಪುಡಿ ರಾಧಾಕೃಷ್ಣ ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ಹಡಗಲಿಯಲ್ಲಿ, ನಿಜ. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹಡಗಲಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮನೆಮಾತು ತೆಲುಗು. ತಂದೆ ಸಿ.ಡಿ. ನಾಯ್ಡು ಪೊಲೀಸ್ ಇಲಾಖೆಯಲ್ಲಿದ್ದರು, ವರ್ಗವಾದಲ್ಲಿಗೆ ಸಂಸಾರ ಹೊರಡುತ್ತಿತ್ತು. ಹುಡುಗನ ಓದೆಲ್ಲ ಗೂಡೂರು, ನೂಜಿವೀಡು, ನಂದಿಗಾಮ, ವಿಶಾಖಪಟ್ಟಣದಲ್ಲಿ ಆಯಿತು. ಹತ್ತು ಮಕ್ಕಳಲ್ಲಿ ಎಂಟನೆಯವರು, ಕೃಷ್ಣನೂ ಎಂಟನೆಯವನಲ್ಲವೇ, ಹಾಗಾಗಿ ರಾಧಾಕೃಷ್ಣ. ಅವರನ್ನು ‘ನಮ್ಮ ಕನ್ನಡಿಗ’ ಎಂದು ಹಾರ ಹಾಕುವುದು ಅತಿಯಾದೀತು. ನಮ್ಮ ನೆಲದಲ್ಲಿ ಹುಟ್ಟಿದವರು ಎನ್ನುವುದಕ್ಕೆ ಅಡ್ಡಿಯಿಲ್ಲ. ಹುಟ್ಟಿದ್ದು ಒಂದೂರು, ರೇಷನ್ ಕಾರ್ಡ್ ಇನ್ನೊಂದೂರು, ಮಕ್ಕಳ ಶಾಲೆ ಮತ್ತೊಂದೂರು ಎಂಬ ಬಾಳನ್ನು ಬಾಳುತ್ತಿರುವ ನಾವು ಈ ವಿಷಯದಲ್ಲಿ ತೀರ್ಪು ಕೊಡಲು ಹೋಗಬಾರದು.

ಹಡಗಲಿ ತಾಲ್ಲೂಕಿನ ಹೆಸರು ಬಂದಾಗ ಮಲ್ಲಿಗೆಯ ಜೊತೆಗೆ ಮೈಲಾರವನ್ನೂ ನೆನೆಯಬೇಕು. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ, “ಸದ್ದಲೇ” ಎಂದು ಜನರನ್ನು ಸುಮ್ಮನಾಗಿಸಿ, ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾನೆ. ಮಳೆ ಬೆಳೆ ರಾಜಕೀಯ ಎಲ್ಲವನ್ನೂ ಜನ ಆ ಒಂದು ಸಾಲಿನಲ್ಲಿ ಹುಡುಕಿಕೊಳ್ಳುತ್ತಾರೆ. ಮುಂದಿನದನ್ನು ಹೇಳುವ ಈ ನೆಲದಲ್ಲೇ, ಮುಂದಿನದನ್ನು ಹೇಳುವಾಗ ಎಷ್ಟು ತಪ್ಪಬಹುದು ಎಂಬುದನ್ನೂ ಜೊತೆಗೇ ಹೇಳಬೇಕು ಎಂದು ಲೋಕಕ್ಕೆ ಕಲಿಸಿದವರು ಹುಟ್ಟಿದರು. ಇದು ಕಾಕತಾಳೀಯ, ಅಷ್ಟೇ. ಸಂಖ್ಯಾಶಾಸ್ತ್ರ ಓದಿದವನಿಗೆ ಕಾಕತಾಳೀಯದಲ್ಲಿ ಅರ್ಥ ಹುಡುಕುವ ಚಟ ಇರಬಾರದು.

ರಾವ್ ಸಂಖ್ಯಾಶಾಸ್ತ್ರಕ್ಕೆ ಬಂದದ್ದೂ ಹೀಗೇ, ಎಣಿಸದೆ. ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಮೊದಲ ದರ್ಜೆಯಲ್ಲಿ ಮುಗಿದಿತ್ತು. ಯುದ್ಧದ ಕಾಲ, ಕೆಲಸ ಇಲ್ಲ. ಸೈನ್ಯದ ಸರ್ವೆ ವಿಭಾಗದಲ್ಲಿ ಗಣಿತ ಬಲ್ಲವರು ಬೇಕೆಂದು ತಿಳಿದು ಸಂದರ್ಶನಕ್ಕೆ ಕಲ್ಕತ್ತೆಗೆ ಹೋದರು. ಆ ಕೆಲಸ ಸಿಗಲಿಲ್ಲ. ಆದರೆ ಅಲ್ಲಿ ತಂಗಿದ್ದ ದಕ್ಷಿಣದವರ ಹೋಟೆಲಿನಲ್ಲಿ ಮುಂಬಯಿಯಿಂದ ತರಬೇತಿಗೆ ಬಂದಿದ್ದ ಸುಬ್ರಹ್ಮಣ್ಯನ್ ಎಂಬ ತರುಣನ ಪರಿಚಯವಾಯಿತು. ತರಬೇತಿ ಎಲ್ಲಿ? ಪ್ರಶಾಂತಚಂದ್ರ ಮಹಲನೋಬಿಸ್ ಕಟ್ಟಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ. ನೋಡಿಬರೋಣವೆಂದು ಹೋದ ರಾವ್ 1941ರ ಜನವರಿ 1ರಂದು ಅಲ್ಲಿಗೇ ಸೇರಿದರು. ಊರು ಬಿಟ್ಟವರ ಬದುಕಿನಲ್ಲಿ ಖಾನಾವಳಿಯ ಊಟದ ಮೇಜಿಗೆ ಇರುವ ಪಾಲನ್ನು ಯಾವ ಜೀವನಚರಿತ್ರೆಕಾರನೂ ಸರಿಯಾಗಿ ಬರೆದಿಲ್ಲ. ಮುಂಬಯಿಯ ಉಡುಪಿ ಹೋಟೆಲುಗಳನ್ನು ಬಲ್ಲ ನಿಮಗೆ ನಾನು ಅದನ್ನು ವಿವರಿಸಬೇಕಿಲ್ಲ.

ಮುಂದೆ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ತರಗತಿ ಹೊಸದಾಗಿ ತೆರೆಯಿತು. ರಾವ್ ಮೊದಲ ತಂಡದ ವಿದ್ಯಾರ್ಥಿ, 1943ರಲ್ಲಿ ಚಿನ್ನದ ಪದಕ. ಪಾಸಾದವರು ಹಾಗೆಯೇ ಅಲ್ಲಿ ಮೇಷ್ಟ್ರಾದರು. ಇಪ್ಪತ್ತಮೂರು ವರ್ಷದ ಮೇಷ್ಟ್ರ ಎದುರಿಗೆ ಅವರ ವಾರಿಗೆಯ ವಿದ್ಯಾರ್ಥಿಗಳು. ಒಂದು ದಿನ ಪಾಠ ಅಂದಾಜಿನ ಬಗ್ಗೆ ನಡೆದಿತ್ತು. ಇಂಗ್ಲೆಂಡಿನ ಆರ್.ಎ. ಫಿಶರ್ ಹೇಳಿದ್ದನ್ನು ರಾವ್ ವಿವರಿಸಿದರು: ನಮೂನೆ ಬಹಳ ದೊಡ್ಡದಾದಾಗ ಅಂದಾಜಿನ ನಿಖರತೆಗೆ ಒಂದು ಮಿತಿ ಇರುತ್ತದೆ, ಅದಕ್ಕಿಂತ ಚೆನ್ನಾಗಿ ಅಂದಾಜಿಸಲು ಆಗುವುದಿಲ್ಲ. ಒಬ್ಬ ವಿದ್ಯಾರ್ಥಿ ಎದ್ದು ನಿಂತು, ನಮೂನೆ ಚಿಕ್ಕದಾಗಿದ್ದರೆ ಅಂಥ ಮಿತಿ ಇಲ್ಲವೇ ಎಂದು ಕೇಳಿದ. ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ. ರಾವ್ ಮನೆಗೆ ಹೋಗಿ ಅಂದು ರಾತ್ರಿಯೇ ಕೂತು ಅದನ್ನು ಸಾಧಿಸಿದರು.

ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ಯಾರು ಗೊತ್ತೇ? ಸಾತಾರೆಯ ವಿ.ಎಂ. ದಾಂಡೇಕರ್. ಮುಂದೆ ಪುಣೆಯ ಗೋಖಲೆ ಸಂಸ್ಥೆಯಲ್ಲಿದ್ದು, ನೀಲಕಂಠ ರಥ್ ಅವರೊಡನೆ 1971ರಲ್ಲಿ ‘ಭಾರತದಲ್ಲಿ ಬಡತನ’ ಎಂಬ ಅಧ್ಯಯನ ಹೊರತಂದು, ದಿನಕ್ಕೆ 2,250 ಕ್ಯಾಲೊರಿ ಉಣ್ಣಲಾರದವನು ಬಡವ ಎಂಬ ಅಳತೆಯ ಮೇಲೆ ಇಡೀ ದೇಶ ವಾದ ಮಾಡುವಂತೆ ಮಾಡಿದವರು. ಮಹಾರಾಷ್ಟ್ರದ ಒಬ್ಬ ಹುಡುಗನ ಪ್ರಶ್ನೆ, ಹಡಗಲಿಯಲ್ಲಿ ಹುಟ್ಟಿದ ಮೇಷ್ಟ್ರ ಉತ್ತರ. ಎರಡೂ ಕಡೆಯ ಅನ್ನ ತಿನ್ನುವ ನಮಗೆ ಇದಕ್ಕಿಂತ ಒಳ್ಳೆಯ ಗಡಿ ಒಪ್ಪಂದ ಬೇಕಿಲ್ಲ.

ಆ ಫಲಿತಾಂಶ 1945ರಲ್ಲಿ ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಹತ್ತು ಹನ್ನೊಂದು ಪುಟದ ಬರಹ. ಅದರಲ್ಲಿ ಮೂರು ಹೊಸ ಸಂಗತಿಗಳಿದ್ದವು. ಮೊದಲನೆಯದು ಈಗ ಹೇಳಿದ ಮಿತಿ. ಸ್ವೀಡನ್ನಿನ ಹಾರಾಲ್ಡ್ ಕ್ರೇಮರ್ ಅದನ್ನೇ ಸ್ವತಂತ್ರವಾಗಿ ಕಂಡುಕೊಂಡು 1946ರ ತಮ್ಮ ಪುಸ್ತಕದಲ್ಲಿ ಕೊಟ್ಟಿದ್ದರಿಂದ ಲೋಕ ಅದನ್ನು ಕ್ರೇಮರ್–ರಾವ್ ಅಸಮಾನತೆ ಎನ್ನುತ್ತದೆ. ಎರಡನೆಯದು ಒರಟು ಅಂದಾಜೊಂದನ್ನು ತೆಗೆದುಕೊಂಡು ಅದನ್ನು ಪರಿಷ್ಕರಿಸುವ ವಿಧಾನ. ಅಮೆರಿಕದ ಕಪ್ಪು ಗಣಿತಜ್ಞ ಡೇವಿಡ್ ಬ್ಲ್ಯಾಕ್‌ವೆಲ್ 1947ರಲ್ಲಿ ಇದೇ ತೀರ್ಮಾನಕ್ಕೆ ಬಂದರು, ಹಾಗಾಗಿ ಅದು ರಾವ್–ಬ್ಲ್ಯಾಕ್‌ವೆಲ್. ಮೂರನೆಯದು ಸಂಭವನೀಯತೆಗಳ ನಡುವಿನ ದೂರವನ್ನು ರೇಖಾಗಣಿತದಿಂದ ಅಳೆಯುವ ಮಾತು. ಅದರ ಬೆಲೆ ಲೋಕಕ್ಕೆ ತಿಳಿಯಲು ದಶಕಗಳೇ ಬೇಕಾದವು. ಬಂಗಾಳದ ಕ್ಷಾಮ ಕಳೆದು ಎರಡು ವರ್ಷವಾಗಿತ್ತಷ್ಟೆ. ಮಹಲನೋಬಿಸರ ಸಂಸ್ಥೆಯವರು ಕ್ಷಾಮದ ಪರಿಣಾಮಗಳ ನಮೂನೆ ಸಮೀಕ್ಷೆಯನ್ನೂ ಮಾಡುತ್ತಿದ್ದರು. ಅಂಥ ಊರಿನಲ್ಲಿ, ಅಂಥ ಹೊತ್ತಿನಲ್ಲಿ ಬರೆದದ್ದು ಇದು.

ಇಲ್ಲೊಂದು ಸೂಕ್ಷ್ಮವಿದೆ. ಇವತ್ತಿನವರೆಗೂ ಸಂಖ್ಯಾಶಾಸ್ತ್ರದ ಪ್ರತಿ ಪಠ್ಯದಲ್ಲೂ ರಾವ್ ಹೆಸರು ಬರುವುದು ಈ ಕೆಲಸಕ್ಕಾಗಿ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂದಾಗ ಉಲ್ಲೇಖವಾದದ್ದೂ ಇದೇ. ಆದರೆ ಇದನ್ನು ಬರೆದಾಗ ಅವರಿಗೆ ಡಾಕ್ಟರೇಟ್ ಇರಲಿಲ್ಲ. ಡಾಕ್ಟರೇಟಿಗೆ ಇದನ್ನು ಬಳಸಿಕೊಳ್ಳಲೂ ಇಲ್ಲ. ಆಗ ಅವರ ಸಂಸ್ಥೆಗೆ ಪದವಿ ಕೊಡುವ ಅಧಿಕಾರವೇ ಇರಲಿಲ್ಲ, ಅದು ಬಂದದ್ದು 1959ರ ಕಾಯ್ದೆಯಿಂದ. ಪಿಎಚ್.ಡಿ.ಗೆ ರಾವ್ ಮಾಡಿದ್ದು ಇನ್ನೊಂದೇ ಕೆಲಸ, ಅದೂ ಮೈ ಮುರಿದು ಮಾಡಬೇಕಾದ ಕೆಲಸ.

ಸುಡಾನಿನಲ್ಲಿ ಜೆಬೆಲ್ ಮೋಯಾ ಎಂಬ ಸ್ಥಳವಿದೆ. ಔಷಧಿ ಕಂಪನಿಯ ಒಡೆಯ ಹೆನ್ರಿ ವೆಲ್‌ಕಮ್ 1910ರಿಂದ 1914ರವರೆಗೆ ಅಲ್ಲಿ ಸಾವಿರಾರು ಕೂಲಿಗಳನ್ನಿಟ್ಟು ಪ್ರಾಚೀನ ಗೋರಿಗಳನ್ನು ಅಗೆಸಿದ. ಎಲುಬುಗಳು ಇಂಗ್ಲೆಂಡಿಗೆ ಹೋದವು. ಮಹಾಯುದ್ಧ ಬಂತು, ವೆಲ್‌ಕಮ್ ತೀರಿಹೋದ, ಇನ್ನೊಂದು ಮಹಾಯುದ್ಧ ಬಂತು. 1946ರಲ್ಲಿ ಕೇಂಬ್ರಿಜ್ ವಸ್ತುಸಂಗ್ರಹಾಲಯದ ಜೆ.ಸಿ. ಟ್ರೆವರ್, ಈ ಬುರುಡೆಗಳ ಅಳತೆಯನ್ನು ನಿಮ್ಮ ‘ಡಿ-ಸ್ಕ್ವೇರ್’ ಪದ್ಧತಿಯಿಂದ ವಿಶ್ಲೇಷಿಸಬೇಕು, ಬಲ್ಲವರನ್ನು ಕಳಿಸಿ ಎಂದು ಮಹಲನೋಬಿಸರನ್ನು ಕೇಳಿದರು. ಮಹಲನೋಬಿಸ್ ರಾವ್ ಅವರನ್ನು ಕಳಿಸಿದರು. ಜೊತೆಗೆ ರಾಮಕೃಷ್ಣ ಮುಖರ್ಜಿ ಎಂಬ ತರುಣ, ಮುಂದೆ ಹೆಸರಾಂತ ಸಮಾಜಶಾಸ್ತ್ರಜ್ಞರಾದವರು.

ಏನಿದು ಡಿ-ಸ್ಕ್ವೇರ್? ಮಾತು ಕೊಟ್ಟಿದ್ದೇನೆ, ಸೂತ್ರ ಬರೆಯುವುದಿಲ್ಲ. ಎರಡು ಗುಂಪಿನ ಬುರುಡೆಗಳಿವೆ ಎನ್ನಿ. ಒಂದೊಂದರದೂ ಉದ್ದ, ಅಗಲ, ಎತ್ತರ, ಮೂಗಿನ ಮೂಳೆಯ ಅಳತೆ ಹೀಗೆ ಹತ್ತಾರು ಅಂಕಿ. ಎರಡು ಗುಂಪುಗಳು ಎಷ್ಟು ದೂರ? ಅಂಕಿಗಳ ವ್ಯತ್ಯಾಸವನ್ನು ಸುಮ್ಮನೆ ಕೂಡಿಸಿದರೆ ಎರಡು ಕಡೆ ಎಡವುತ್ತೇವೆ. ಒಂದು: ಉದ್ದದಲ್ಲಿ 5 ಮಿಲಿಮೀಟರ್ ವ್ಯತ್ಯಾಸ ಹೆಚ್ಚೋ ಕಡಿಮೆಯೋ? ಒಂದೇ ಗುಂಪಿನೊಳಗೆ ಉದ್ದ 20 ಮಿಲಿಮೀಟರ್ ಆಚೀಚೆ ಆಗುವಂತಿದ್ದರೆ 5 ಏನೂ ಅಲ್ಲ. 2 ಮಿಲಿಮೀಟರ್ ಮಾತ್ರ ಆಚೀಚೆ ಆಗುವಂತಿದ್ದರೆ 5 ಬಹಳವಾಯಿತು. ಎರಡು: ಉದ್ದ ಹೆಚ್ಚಿದ ಬುರುಡೆಗೆ ಸಾಮಾನ್ಯವಾಗಿ ಅಗಲವೂ ಹೆಚ್ಚು. ಆದ್ದರಿಂದ ಉದ್ದದ ವ್ಯತ್ಯಾಸವನ್ನೂ ಅಗಲದ ವ್ಯತ್ಯಾಸವನ್ನೂ ಬೇರೆಬೇರೆ ಎಣಿಸಿದರೆ ಒಂದೇ ವ್ಯತ್ಯಾಸಕ್ಕೆ ಎರಡು ಸಲ ಬಿಲ್ಲು ಹಾಕಿದ ಹಾಗೆ. ಡಿ-ಸ್ಕ್ವೇರ್ ಈ ಎರಡನ್ನೂ ಸರಿಪಡಿಸಿ ಕೊನೆಗೆ ಒಂದೇ ಅಂಕಿ ಕೊಡುತ್ತದೆ. ಮಹಲನೋಬಿಸ್ ಇದಕ್ಕೆ 1936ರಲ್ಲಿ ಅದರ ಈಗಿನ ರೂಪ ಕೊಟ್ಟರು. ಇವತ್ತು ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ, ಯಾವತ್ತೂ ಸಂಜೆ ಕಿರಾಣಿ ಅಂಗಡಿಯಲ್ಲಿ ಸಾವಿರದೊಳಗೆ ಖರ್ಚಾಗುತ್ತಿದ್ದದ್ದು, ರಾತ್ರಿ ಎರಡು ಗಂಟೆಗೆ ಬೇರೆ ದೇಶದಲ್ಲಿ ಎಂಬತ್ತು ಸಾವಿರ ಎಂದು ಬಂದರೆ ಅದನ್ನು ಹಿಡಿಯುವ ವಿಧಾನಗಳಲ್ಲಿ ಇದೂ ಒಂದು. ಹೊತ್ತು, ಸ್ಥಳ, ಮೊತ್ತ ಮೂರನ್ನೂ ಒಟ್ಟಿಗೆ ನೋಡಿ, ನಿಮ್ಮ ವಾಡಿಕೆಯಿಂದ ಇದು ಎಷ್ಟು ದೂರ ಎಂದು ಅಳೆಯುತ್ತದೆ. ಐರೋಲಿಯ ಕಂಪನಿಯಲ್ಲಿ ಕೂತ ಹುಡುಗಿ ‘ಮಹಲನೋಬಿಸ್ ಡಿಸ್ಟನ್ಸ್’ ಎಂದು ಒಂದು ಸಾಲು ಕೋಡ್ ಬರೆಯುತ್ತಾಳಲ್ಲ, ಅದು ಹುಟ್ಟಿದ್ದು ಮನುಷ್ಯರ ತಲೆ, ಮೂಗು ಅಳೆಯುವವರ ಕೈಯಲ್ಲಿ.

ಈ ಮೂಗಿನ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹರ್ಬರ್ಟ್ ರಿಸ್ಲಿ ಎಂಬ ಅಧಿಕಾರಿ ನಮ್ಮವರ ಮೂಗಿನ ಅಗಲ ಅಳೆದು ಜಾತಿಗಳಿಗೆ ಮೇಲು ಕೀಳಿನ ಏಣಿ ಕಟ್ಟಲು ಹೊರಟ. ಮಹಲನೋಬಿಸ್ ಮೊದಲು ಕೈಗೆತ್ತಿಕೊಂಡದ್ದೂ ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನೇ. ಫಿಶರ್ ಅಂತೂ ಸುಜನನವಾದದ ಬಹಿರಂಗ ಸಮರ್ಥಕ. ಜನಾಂಗಗಳನ್ನು ವಿಂಗಡಿಸುವ ಆ ಉದ್ದೇಶ ಕೆಟ್ಟದ್ದು, ಅದು ಬಿದ್ದುಹೋದದ್ದು ಒಳ್ಳೆಯದೇ ಆಯಿತು. ಅದಕ್ಕಾಗಿ ಹುಟ್ಟಿದ ಲೆಕ್ಕ ಮಾತ್ರ ಉಳಿದು ಬೇರೆ ಕೆಲಸಕ್ಕೆ ಬಂತು. ಈ ಎರಡನ್ನೂ ಒಟ್ಟಿಗೆ ಹೇಳದೆ ಬರೀ ಹೊಗಳಿದರೆ ಅರ್ಧ ಚರಿತ್ರೆ ಹೇಳಿದಂತೆ. ಅಗೆದು ತಂದ ಆ ಎಲುಬುಗಳಿಗೆ ವಾರಸುದಾರರು ಯಾರು ಎಂಬ ಪ್ರಶ್ನೆಯನ್ನು 1946ರಲ್ಲಿ ಯಾರೂ ಕೇಳುತ್ತಿರಲಿಲ್ಲ, ಈಗ ಕೇಳುತ್ತಾರೆ.

ಅಂತೂ ರಾವ್ ಎಲುಬು ಅಳೆದರು. ವಸ್ತುಸಂಗ್ರಹಾಲಯ ಅವರಿಗೆ ಸಂಬಳ ಕೊಡುತ್ತಿತ್ತು. ಆ ಸಂಬಳದ ಕೆಲಸವೇ ಅದು. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಹತ್ತಾರು ಅಳತೆಗಳು ಒಂದಕ್ಕೊಂದು ಹೆಣೆದುಕೊಂಡಿರುವ ಕೋಷ್ಟಕವನ್ನು ಬಿಡಿಸಬೇಕಾದರೆ ಹಿಡಿ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ಕೂತು ಗುಣಿಸಬೇಕು, ಭಾಗಿಸಬೇಕು, ಬರೆದುಕೊಳ್ಳಬೇಕು. ಒಂದು ಅಂಕಿ ತಪ್ಪಿದರೆ ಮತ್ತೆ ಮೊದಲಿನಿಂದ. ಈ ಕೆಲಸದ ಪುಸ್ತಕರೂಪ, ಮುಖರ್ಜಿ, ರಾವ್, ಟ್ರೆವರ್ ಮೂವರ ಹೆಸರಿನಲ್ಲಿ, ಹೊರಬಂದದ್ದು 1955ರಲ್ಲಿ. ಹಡಗು ಹತ್ತಿದ ಒಂಬತ್ತು ವರ್ಷಕ್ಕೆ. ಸಂಶೋಧನೆ ಇನ್ನೂ ಯಾಕೆ ಅಚ್ಚಾಗಲಿಲ್ಲ ಎಂದು ಮಕ್ಕಳನ್ನು ದಬಾಯಿಸುವ ತಂದೆತಾಯಿಗಳು ಈ ಲೆಕ್ಕವನ್ನು ಗಮನಿಸಬೇಕು.

ಪಿಎಚ್.ಡಿ.ಗೆ ಮಾರ್ಗದರ್ಶಕರಾಗುವಂತೆ ರಾವ್ ಕೇಳಿಕೊಂಡದ್ದು ಫಿಶರ್ ಅವರನ್ನು. ಆಗ ಫಿಶರ್ ಕೇಂಬ್ರಿಜ್‌ನಲ್ಲಿ ತಳಿಶಾಸ್ತ್ರದ ಪ್ರಾಧ್ಯಾಪಕ, ಸಂಖ್ಯಾಶಾಸ್ತ್ರದ್ದಲ್ಲ. ಒಪ್ಪಿದರು, ಆದರೆ ಷರತ್ತಿನ ಮೇಲೆ: ವಿಷಯವನ್ನು ನೀನೇ ಹುಡುಕಿಕೊಳ್ಳಬೇಕು, ನನ್ನ ತಳಿಶಾಸ್ತ್ರದ ಪ್ರಯೋಗಾಲಯದಲ್ಲಿ ಇಲಿಗಳ ಕೆಲಸವನ್ನೂ ಮಾಡಬೇಕು. ಲೋಕದಲ್ಲೇ ದೊಡ್ಡ ಸಂಖ್ಯಾಶಾಸ್ತ್ರಜ್ಞನ ಬಳಿ ಸಿದ್ಧಾಂತ ಕಲಿಯಲು ಹೋದವರಿಗೆ ಸಿಕ್ಕದ್ದು ಇಲಿ. ಬೇರೆಯವರಾಗಿದ್ದರೆ ಮುಖ ಗಂಟಿಕ್ಕುತ್ತಿದ್ದರೇನೋ. ರಾವ್ ಇಲಿ ಸಾಕಿದರು, ತಳಿ ಕೂಡಿಸಿದರು, ಮರಿಗಳ ಲಕ್ಷಣ ಎಣಿಸಿದರು.

ಎಣಿಸುವುದು ಯಾಕೆ? ಒಂದೇ ವರ್ಣತಂತುವಿನ ಮೇಲೆ ಹತ್ತಿರ ಹತ್ತಿರ ಇರುವ ಎರಡು ವಂಶವಾಹಿಗಳು ಸಾಮಾನ್ಯವಾಗಿ ಜೊತೆಯಾಗಿಯೇ ಮರಿಗೆ ಹೋಗುತ್ತವೆ. ದೂರ ಇದ್ದರೆ ಆಗಾಗ ಬೇರೆಯಾಗುತ್ತವೆ. ಎಷ್ಟು ಸಲ ಬೇರೆಯಾದವು ಎಂದು ಎಣಿಸಿದರೆ ಅವುಗಳ ನಡುವಿನ ಅಂತರ ಗೊತ್ತಾಗುತ್ತದೆ. ತೊಡಕು ಇಲ್ಲಿದೆ: ಬೇರೆಬೇರೆ ಸಂಸಾರದ ಇಲಿಗಳಿಂದ ಬೇರೆಬೇರೆ ಅಂದಾಜು ಬರುತ್ತದೆ. ಅವೆಲ್ಲ ಒಂದೇ ಸತ್ಯವನ್ನು ಹೇಳುತ್ತಿವೆಯೇ, ಇಲ್ಲ ನಿಜವಾಗಿಯೂ ಬೇರೆಯೇ? ಇದನ್ನು ಪರೀಕ್ಷಿಸಲು ರಾವ್ ಒಂದು ಹೊಸ ದಾರಿ ತೆಗೆದರು. ಪ್ರತಿ ಗುಂಪಿಗೂ ಹೊಸದಾಗಿ ಅತ್ಯುತ್ತಮ ಅಂದಾಜು ಕಂಡುಹಿಡಿಯುವ ಕಷ್ಟ ಬೇಡ. ಒಂದು ಬೆಲೆ ಇದೆಯೆಂದು ಒಪ್ಪಿಕೊಂಡು, ಅಲ್ಲಿ ನಿಂತು, ಅಂಕಿಗಳು ನಮ್ಮನ್ನು ಆ ಜಾಗದಿಂದ ಎಷ್ಟು ಬಲವಾಗಿ ಬೇರೆ ಕಡೆಗೆ ಎಳೆಯುತ್ತಿವೆ ಎಂದು ನೋಡಿದರೆ ಸಾಕು. ಎಳೆತ ಹೆಚ್ಚಾದರೆ ಒಪ್ಪಿಕೊಂಡ ಬೆಲೆ ತಪ್ಪು. 1948ರಲ್ಲಿ ಕೇಂಬ್ರಿಜ್ ಫಿಲಸಾಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಇದನ್ನು ಸಂಖ್ಯಾಶಾಸ್ತ್ರಜ್ಞರು ರಾವ್ ಸ್ಕೋರ್ ಪರೀಕ್ಷೆ ಎನ್ನುತ್ತಾರೆ. ಅರ್ಥಶಾಸ್ತ್ರದವರು ಇದನ್ನೇ ಇನ್ನೊಂದು ಹೆಸರಿನಲ್ಲಿ ಬಳಸುತ್ತಾರೆ.

ಅದೇ ವರ್ಷ ಪ್ರಬಂಧ ಸಲ್ಲಿಕೆಯಾಯಿತು. ಜೀವಿಗಳ ವರ್ಗೀಕರಣದಲ್ಲಿ ಬರುವ ಸಂಖ್ಯಾಶಾಸ್ತ್ರದ ಸಮಸ್ಯೆಗಳು ಎಂಬುದು ಅದರ ವಿಷಯ. ಒಂದು ಬುರುಡೆ ಸಿಕ್ಕಿದೆ, ಇದು ಯಾವ ಗುಂಪಿಗೆ ಸೇರಿದ್ದು, ಹಾಗೆ ಹೇಳುವಾಗ ತಪ್ಪುವ ಸಂಭವ ಎಷ್ಟು? ನಿಮ್ಮ ಫೋನು ಫೋಟೊ ನೋಡಿ ಇದು ಮೊಮ್ಮಗ, ಇದು ಬೆಕ್ಕು ಎಂದು ವಿಂಗಡಿಸುವಾಗ ಎದುರಾಗುವ ಪ್ರಶ್ನೆಯೂ ಮೂಲದಲ್ಲಿ ಇದೇ.

ಇನ್ನು ಆಸಕ್ತಿಗಳ ಮಾತು. ಮದುವೆಯ ಬಯೋಡೇಟಾದಲ್ಲಿ ‘ಹವ್ಯಾಸ: ಓದು, ಸಂಗೀತ, ಪ್ರವಾಸ’ ಎಂದು ಬರೆಯುತ್ತೇವಲ್ಲ, ಸಂಶೋಧಕರ ಆಸಕ್ತಿಯನ್ನು ಹಾಗೆ ಬೇರೆ ಕಾಲಮ್ಮಿನಲ್ಲಿ ಬರೆಯಲು ಬರುವುದಿಲ್ಲ. ರಾವ್ ಅವರಿಗೆ ಓದುವ ಚಟ ಹಿಡಿಸಿದವರು ತಾಯಿ ಲಕ್ಷ್ಮೀಕಾಂತಮ್ಮ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ಎಣ್ಣೆದೀಪ ಹಚ್ಚಿಕೊಟ್ಟು ಓದಲು ಕೂರಿಸುತ್ತಿದ್ದರಂತೆ. ‘ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರುತ್’ ಪುಸ್ತಕವನ್ನು ಮಗ ಅರ್ಪಿಸಿದ್ದು ಆ ತಾಯಿಗೆ. ಆ ಪುಸ್ತಕವೂ ಇಂಥದೇ ಸಾರ್ವಜನಿಕ ಉಪನ್ಯಾಸಗಳ ಅಚ್ಚುರೂಪ. 1987ರಲ್ಲಿ ಗಣಿತಜ್ಞ ರಾಮಾನುಜನ್ ಸ್ಮಾರಕವಾಗಿ ಕೊಟ್ಟದ್ದು. ಅದನ್ನು ತೆರೆದರೆ ರಾವ್ ಮನಸ್ಸು ಎಲ್ಲೆಲ್ಲಿ ಅಲೆಯುತ್ತಿತ್ತು ಎಂದು ಕಾಣುತ್ತದೆ. ಭಾಷೆಗಳ ವಂಶವೃಕ್ಷ, ಹಳೆಯ ಗ್ರಂಥಗಳ ಕಾಲನಿರ್ಣಯ, ಕರ್ತೃ ಯಾರೆಂದು ಜಗಳವಿರುವ ಬರಹಗಳು.

ಒಂದನ್ನು ಹೇಳಲೇಬೇಕು, ಇದು ಸಾಹಿತ್ಯಪ್ರಿಯರ ಸಭೆ. 1985ರಲ್ಲಿ ಆಕ್ಸ್‌ಫರ್ಡಿನ ಗ್ರಂಥಾಲಯದಲ್ಲಿ ಒಂದು ಕವನ ಸಿಕ್ಕಿತು, ಷೇಕ್ಸ್‌ಪಿಯರನದು ಎಂಬ ವಾದ ಎದ್ದಿತು. ಅದರಲ್ಲಿ 429 ಪದ, ಅವುಗಳಲ್ಲಿ ಬೇರೆಬೇರೆ ಪದ 258. ಎಫ್ರಾನ್ ಮತ್ತು ಥಿಸ್ಟೆಡ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಕೇಳಿಕೊಂಡ ಪ್ರಶ್ನೆ: ಷೇಕ್ಸ್‌ಪಿಯರ್ ಇನ್ನೊಂದು 429 ಪದದ ಕವನ ಬರೆದಿದ್ದರೆ, ಮೊದಲು ಎಲ್ಲಿಯೂ ಬಳಸದ ಎಷ್ಟು ಪದ ಅದರಲ್ಲಿ ಬರುತ್ತಿದ್ದವು? ಲೆಕ್ಕ ಸುಮಾರು 7 ಎಂದಿತು. ಕವನದಲ್ಲಿ ಇದ್ದದ್ದು 9. ಅಂದರೆ ಅವನದಾಗಿರಲು ಲೆಕ್ಕದ ಅಡ್ಡಿಯಿಲ್ಲ. ‘ಅವನದೇ’ ಎಂದು ಲೆಕ್ಕ ಹೇಳಲಿಲ್ಲ, ಈ ವ್ಯತ್ಯಾಸವನ್ನು ಗಮನಿಸಿ. ಒಪ್ಪದ ವಿದ್ವಾಂಸರು ಇಂದಿಗೂ ಇದ್ದಾರೆ.

ಇದನ್ನು ಕೇಳಿದ ಕನ್ನಡ ಎಂ.ಎ. ವಿದ್ಯಾರ್ಥಿ ಕೂಡಲೇ, ಹಾಗಾದರೆ ‘ಕವಿರಾಜಮಾರ್ಗ’ ನೃಪತುಂಗನದೋ ಶ್ರೀವಿಜಯನದೋ ಲೆಕ್ಕ ಹಾಕಿ ಹೇಳಿ ಎನ್ನುತ್ತಾನೆ. ಹೇಳಲಾಗುವುದಿಲ್ಲ. ಹೋಲಿಸಿ ನೋಡಲು ಶ್ರೀವಿಜಯನ ಬೇರೆ ಕೃತಿ ಉಳಿದಿಲ್ಲ, ನೃಪತುಂಗನ ಬೇರೆ ಕನ್ನಡ ಕೃತಿಯೂ ಇಲ್ಲ. ಅಂಕಿ ಇಲ್ಲದಲ್ಲಿ ಸಂಖ್ಯಾಶಾಸ್ತ್ರ ಬಾಯಿ ಮುಚ್ಚಿಕೊಂಡಿರಬೇಕು. ವಚನಗಳ ಮಾತು ಬೇರೆ. ಬಸವಣ್ಣನವರ ಅಂಕಿತದಲ್ಲಿ ವಚನಗಳು ಬೇಕಾದಷ್ಟಿವೆ, ಯಾವುದು ಪ್ರಕ್ಷಿಪ್ತ ಎಂಬ ಜಗಳವೂ ಇದೆ. ಆದರೆ ಬಾಯಿಂದ ಬಾಯಿಗೆ ಬಂದು, ನಕಲುಗಾರರ ಮತ್ತು ಸಂಕಲನಕಾರರ ಕೈಯಲ್ಲಿ ಹಾದು ಬಂದ ಪಠ್ಯದಲ್ಲಿ ಎಣಿಸುವುದು ಬಸವಣ್ಣನವರ ಪದವನ್ನೋ ನಕಲುಗಾರನ ಪದವನ್ನೋ? ‘ಆದರೆ’, ‘ಕಾಣಾ’, ‘ಎಂಬ’ದಂಥ ಯಾರೂ ಗಮನ ಕೊಡದ ಸಣ್ಣ ಪದಗಳಿಂದ ಆರಂಭಿಸಬಹುದು ಎಂದು ನನಗೆ ಅನ್ನಿಸುತ್ತದೆ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವೂ ಇದೆ, 1948ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರ ವಿಭಾಗವೂ ಇದೆ. ಎರಡೂ ವಿಭಾಗದ ಹುಡುಗರು ಕ್ಯಾಂಟೀನಿನಲ್ಲಿ ಒಂದೇ ಮೇಜಿಗೆ ಕೂತರೆ ಒಂದು ಒಳ್ಳೆಯ ಪ್ರಬಂಧ ಹುಟ್ಟೀತು.

ಹಾಗೆ ಎರಡು ಮೇಜಿಗೆ ಸೇರಿದವರು ನಮ್ಮಲ್ಲೂ ಇದ್ದರು. ಮೈಸೂರಿನ ಮಹಾರಾಜಾ ಕಾಲೇಜಿನ ಗಣಿತ ಪ್ರಾಧ್ಯಾಪಕ ಎ.ಎ. ಕೃಷ್ಣಸ್ವಾಮಿ ಅಯ್ಯಂಗಾರ್ 1934ರಲ್ಲೇ ಲಂಡನ್ನಿನ ‘ಬಯೊಮೆಟ್ರಿಕ’ದಲ್ಲಿ ಸಂಖ್ಯಾಶಾಸ್ತ್ರದ ಟಿಪ್ಪಣಿ ಪ್ರಕಟಿಸಿದವರು. ಭಾಸ್ಕರಾಚಾರ್ಯರ ಚಕ್ರವಾಲ ಪದ್ಧತಿಯ ಬಗ್ಗೆ ಬರೆದವರು. ಖಗೋಳವನ್ನೂ ಬಲ್ಲರು, ಜ್ಯೋತಿಷವನ್ನೂ ನಂಬಿದ್ದರು. ಇದು ಹೇಗೆ ಸಾಧ್ಯ ಎಂದು ಮಗ ತಲೆಕೆಡಿಸಿಕೊಂಡು ಒಂದು ಪ್ರಸಿದ್ಧ ಪ್ರಬಂಧದಲ್ಲಿ ತಂದೆಯನ್ನು ನೆನೆದರು. ಮಗ ಯಾರೆಂದರೆ ಕವಿ ಎ.ಕೆ. ರಾಮಾನುಜನ್.

ವೈವಾ ಬಗ್ಗೆ ಹೆದರುವ ಮಕ್ಕಳಿಗಾಗಿ ಒಂದು ಕಥೆ. ರಾವ್ ಅವರ ಶಿಷ್ಯ ಎಸ್.ಆರ್.ಎಸ್. ವರದನ್ 1962ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಪಿಎಚ್.ಡಿ. ಕೆಲಸವನ್ನು ಮಂಡಿಸಿದಾಗ ಎದುರಿಗೆ ಕೂತವರು ರಷ್ಯದ ಕೊಲ್ಮೊಗೊರೊವ್, ಸಂಭವನೀಯತೆಯ ಸಿದ್ಧಾಂತಕ್ಕೆ ಅಡಿಪಾಯ ಹಾಕಿದವರು. ಭಾಷಣ ಉದ್ದವಾಯಿತು, ಜನ ಬೇಸತ್ತರು. ಕೊನೆಗೆ ಕೊಲ್ಮೊಗೊರೊವ್ ಮಾತಾಡಲು ಎದ್ದಾಗ ಕೆಲವರು ಎದ್ದು ಹೊರಟರು. ಕೊಲ್ಮೊಗೊರೊವ್ ಅವರಿಗೆ ಸಿಟ್ಟು ಬಂತು. ಸೀಮೆಸುಣ್ಣ ಎಸೆದು ಹೊರನಡೆದರು. ತನ್ನ ಪಿಎಚ್.ಡಿ. ಹೋಯಿತು ಎಂದೇ ಹುಡುಗ ತಿಳಿದ. ಹೋಗಲಿಲ್ಲ. ಕೊಲ್ಮೊಗೊರೊವ್ ಕ್ಷಮೆ ಕೇಳಿ, ಪ್ರಬಂಧವನ್ನು ಮಾಸ್ಕೊಗೆ ಒಯ್ದು, ಒಳ್ಳೆಯ ವರದಿ ಕಳಿಸಿದರು. 2007ರಲ್ಲಿ ವರದನ್‌ಗೆ ಆಬೆಲ್ ಪ್ರಶಸ್ತಿ ಬಂತು.

ರಾವ್ 1948ರಲ್ಲಿ ಮರಳಿದರು, ಮರುವರ್ಷವೇ ಪ್ರಾಧ್ಯಾಪಕರಾದರು. 1972ರಲ್ಲಿ ಮಹಲನೋಬಿಸ್ ತೀರಿಕೊಂಡ ಮೇಲೆ ಸಂಸ್ಥೆಯ ಹೊಣೆ ಹೊತ್ತರು, ಆಮೇಲೆ ಅಮೆರಿಕಕ್ಕೆ ಹೋದರು. 2001ರಲ್ಲಿ ಪದ್ಮವಿಭೂಷಣ. 2023ರ ಆಗಸ್ಟ್ 22ರಂದು, ನೂರಮೂರಕ್ಕೆ ಕೆಲವೇ ದಿನ ಉಳಿದಿದ್ದಾಗ ತೀರಿಕೊಂಡರು. ಇವೆಲ್ಲ ನಿಮಗೆ ಎಲ್ಲಿ ಬೇಕಾದರೂ ಸಿಗುವ ವಿವರ. ನನಗೆ ಮುಖ್ಯವಾದದ್ದು ಇದು: ದಾಂಡೇಕರ್ ಕೇಳಿದ ಪ್ರಶ್ನೆ, ಟ್ರೆವರ್ ಕೊಟ್ಟ ಎಲುಬು, ಫಿಶರ್ ಹೇರಿದ ಇಲಿ. ಮೂರೂ ರಾವ್ ತಾವಾಗಿ ಆರಿಸಿಕೊಂಡದ್ದಲ್ಲ. ಬೇರೆಯವರು ಕೊಟ್ಟ ಕೆಲಸವನ್ನು ತಮ್ಮದೆಂದು ಮಾಡಿದರು, ಮಾಡುತ್ತಾ ತಮ್ಮ ಸಿದ್ಧಾಂತ ಕಂಡುಕೊಂಡರು. ತಲೆಗೆ ಮಿಂಚು ಹೊಳೆಯಲೆಂದು ಕಾದು ಕೂತವರಲ್ಲ.

ಅಂಥ ಕೆಲಸ ನಮ್ಮ ಮಗ್ಗುಲಲ್ಲೇ ನಡೆಯುತ್ತಿದೆ. ಕೋಪರಖೈರಣೆಯಲ್ಲಿ ಗಾಡಿ ಹತ್ತಿ, ವಾಶಿಯಲ್ಲಿ ಬದಲಿಸಿ, ಮಾನ್‌ಖುರ್ದ್ ದಾಟಿದರೆ ಗೋವಂಡಿ. ಅಲ್ಲಿ 1956ರಲ್ಲಿ ಹುಟ್ಟಿದ, ಜನಸಂಖ್ಯಾ ಅಧ್ಯಯನದ ಅಂತರರಾಷ್ಟ್ರೀಯ ಸಂಸ್ಥೆ ಇದೆ, ಐಐಪಿಎಸ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅವರದೇ ಉಸ್ತುವಾರಿ. ಐದನೆಯ ಸುತ್ತಿನಲ್ಲಿ, 2019ರಿಂದ 2021ರವರೆಗೆ, ದೇಶದಾದ್ಯಂತ 6.36 ಲಕ್ಷಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಿದರು. ಭಾರತದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 2.0, ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ 1.7 ಎಂದು ನಮಗೆ ಗೊತ್ತಾದದ್ದು ಹಾಗೆ. ಎಷ್ಟೋ ಪಿಎಚ್.ಡಿ. ಪ್ರಬಂಧಗಳು ಆ ಅಂಕಿಗಳ ಮೇಲೆ ನಿಂತಿವೆ. ಬಾಗಿಲು ತೆರೆದವರು ಸುಳ್ಳು ಹೇಳಿದ್ದರೆ ಯಾವ ರಾವ್ ಬಂದರೂ ಅದನ್ನು ಸರಿಮಾಡಲಾರರು. ಅಂದಾಜಿನ ಮಿತಿಯ ಸಿದ್ಧಾಂತ ನಮೂನೆಯ ಏರುಪೇರಿಗೆ ಸಂಬಂಧಿಸಿದ್ದು, ಮನೆಯವರ ಸಂಕೋಚಕ್ಕಲ್ಲ.

ಆದ್ದರಿಂದ ನನ್ನದೊಂದು ವಿನಂತಿ. 2027ರ ಮಾರ್ಚ್ 1ನ್ನು ಆಧಾರದಿನವಾಗಿಟ್ಟುಕೊಂಡು ಜನಗಣತಿ ನಡೆಯಬೇಕಾಗಿದೆ. ಮೊಬೈಲಿನಲ್ಲಿ ನಾವೇ ತುಂಬುವ ಸೌಲಭ್ಯವೂ ಈ ಸಲ ಇದೆ. 2011ರಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು ಹತ್ತು ಲಕ್ಷ. ನಮ್ಮ ಸಭೆಗಳಲ್ಲಿ ಮೈಕಿನ ಮುಂದೆ ನಾವು ಹೇಳಿಕೊಳ್ಳುವ ಸಂಖ್ಯೆಗಳು ಬೇರೆ, ಅವಕ್ಕೆ ಯಾವ ಆಧಾರವೂ ಇಲ್ಲ. ಎಣಿಸುವವರು ಬಂದಾಗ ಅವಸರಕ್ಕೆ ‘ಹಿಂದಿ ಬರೆದುಕೊಳ್ಳಿ, ಮರಾಠಿ ಬರೆದುಕೊಳ್ಳಿ’ ಎಂದು ಕಳಿಸಿಬಿಡುವವರು ನಮ್ಮಲ್ಲಿ ಇದ್ದಾರೆ. ಪಕ್ಕದ ಮನೆಯವರೇ ನಮ್ಮ ಪರವಾಗಿ ಉತ್ತರ ಕೊಡುವುದೂ ಉಂಟು. ಹಾಗಾಗಬಾರದು. ಮನೆಯಲ್ಲಿ ಕನ್ನಡವಾದರೆ ಕನ್ನಡ ಎಂದೇ ಬರೆಸಿ. ತುಳುವಾದರೆ ತುಳು, ಕೊಂಕಣಿಯಾದರೆ ಕೊಂಕಣಿ, ಬ್ಯಾರಿಯಾದರೆ ಬ್ಯಾರಿ. ಸಂಘದ ಸಂಖ್ಯೆ ಹೆಚ್ಚಲೆಂದು ತುಳುವರ ಕೈಯಲ್ಲಿ ಕನ್ನಡ ಬರೆಸುವುದೂ ಬೇಡ. ಮತ್ತೆ, ನಾಕೆಯಲ್ಲಿ ಕೂಲಿಗೆ ನಿಲ್ಲುವ ಕಲಬುರಗಿ, ವಿಜಯಪುರ ಕಡೆಯ ನಮ್ಮವರಿಗೆ ಈ ವಿಷಯ ಯಾರೂ ಹೇಳುವುದಿಲ್ಲ. ಸಂಘದ ಯುವಕರು ಅವರಿರುವಲ್ಲಿಗೆ ಹೋಗಿ, ಗಣತಿಗೆ ಮುಂಚೆಯೇ ತಿಳಿಸಿ ಬರಬೇಕು ಎಂದು ಕೇಳಿಕೊಳ್ಳುತ್ತೇನೆ.